ಮೇಲಿನ ರೂಮಿನ ಸಿಗ್ನಲ್

ಫೆಬ್ರವರಿ 2, ಸೋಮವಾರ

ರೂಟರ್ ಮತ್ತೆ ಜಾಗ ಬದಲಾಯಿಸಿತು. ಟಿವಿ ಹಿಂದಿನಿಂದ ಚಪ್ಪಲಿ ಸ್ಟ್ಯಾಂಡಿಗೆ, ಅಲ್ಲಿಂದ ಈಗ ಬೀರು ತಲೆ ಮೇಲೆ. "ಎತ್ತರದಲ್ಲಿದ್ರೆ ಚೆನ್ನಾಗಿ ಹರಡುತ್ತೆ" — ಯಜಮಾನರ ಅಪ್ಪಣೆ. ಅವರ ಕಂಪ್ಯೂಟರ್ ಹಾಲಲ್ಲೇ ಇದೆ. ಅವರಿಗೇನು ನೋವು!

ಹಿಂದಿನ ರೂಮಲ್ಲಿ ನನ್ನದು ಅದೇ ಗೋಳು. ಕಾಲೇಜಲ್ಲಿ ಮೇಷ್ಟ್ರು ಪಾಠ ಮಾಡ್ತಾರೆ, ಕಿವಿ ಕೇಳದ ಮಕ್ಕಳಿಗೆ ಓದಕ್ಕೆ ಅಂತ ಇಲ್ಲಿ ಕೂತು ಅವರ ಮಾತು ಟೈಪ್ ಮಾಡ್ತೀನಿ... ಪಟ್ ಅಂತ ಲೈನ್ ಹೋಯ್ತು. ವಾಪಸ್ ಬರೋ ಹೊತ್ತಿಗೆ ಪಾಠ ಎಲ್ಲೋ ಹೋಗಿದೆ.

ಆಫೀಸಿನ ಮೇಡಂ ಫೋನ್. ಕೂಗಲಿಲ್ಲ, ಅದೇ ಭಯ. "ಹದಿಮೂರಕ್ಕೆ ನಿಮ್ಮ ಕ್ಲಾಸಿನ ಒಬ್ಬ ಹುಡುಗಿಯ ವೈವಾ, ಮೌಖಿಕ ಪರೀಕ್ಷೆ. ಪರೀಕ್ಷಕರು ಏನು ಕೇಳ್ತಾರೆ ಅಂತ ಅವಳಿಗೆ ಗೊತ್ತಾಗೋದು ನಿಮ್ಮ ಟೈಪಿಂಗಿಂದ ಮಾತ್ರ. ಅವತ್ತೂ ಹೀಗಾದ್ರೆ ನಿಮಗೆ ಮುಂದೆ ಕೆಲಸ ಕೊಡಕ್ಕಾಗಲ್ಲ."



ಫೆಬ್ರವರಿ 4

ಮೂರು ಕಂಪ್ಯೂಟರ್, ಒಂದು ರೂಟರ್. ಮೂರನೇದು ಮೇಲಿನ ರೂಮಿನ ಮಹಾರಾಣಿಯದು — ಯಜಮಾನರ ತಂಗಿ. ದಿನವಿಡೀ ವಿಡಿಯೋದಲ್ಲಿ ಮಕ್ಕಳಿಗೆ ಗಣಿತ ಹೇಳ್ಕೊಡ್ತಾಳೆ. ಆ ರೂಮ್ ನನ್ನ ಕೆಲಸಕ್ಕೆ ಅಂತಾಗಿತ್ತು. ಗಂಡನ್ನ ಬಿಟ್ಟು ಬಂದಳು, ಅವಳ ಪಾಲಾಯ್ತು. ಅವತ್ತಿಂದ ಮಾತಿಲ್ಲ ಕತೆಯಿಲ್ಲ. ಏನಿದ್ರೂ ಅತ್ತೆ ಮೂಲಕ.

"ನನ್ನ ಕೆಲಸದ ಹೊತ್ತಲ್ಲಿ ವಿಡಿಯೋ ಹಾಕ್ಬೇಡ ಅಂತ ಹೇಳಿ ಅವಳಿಗೆ" ಅಂದೆ. ಅತ್ತೆ ಹತ್ತಿ ಹೋದ್ರು, ಇಳಿದು ಬಂದ್ರು. "ಆಯ್ತಂತಮ್ಮ."

ಏನು ಆಯ್ತೋ! ಮಧ್ಯಾಹ್ನ ಮತ್ತೆ ಕಟ್.

ಫೆಬ್ರವರಿ 9

ಬರೆಯೋ ಮನಸ್ಸೇ ಇರಲಿಲ್ಲ. ವೈಫೈ ಚಾನೆಲ್ ಬದಲಾಯಿಸಿದೆ. ರೂಟರ್ ಆಫ್ ಮಾಡಿ ಆನ್ ಮಾಡಿದೆ. ಕಬ್ಬಿಣದ ಬೀರು ಮೇಲೆ ಇಡಲೇಬಾರದಂತೆ, ಇಳಿಸಿದೆ. ಯಜಮಾನರ ಮುಖ ಊದಿಕೊಂಡಿದೆ, ಊದಲಿ. ಎಲ್ಲಾ ಮಾಡಿದ್ರೂ ನನ್ನ ರೂಮಲ್ಲಿ ಮಾತ್ರ ಬಂದು ಬಂದು ಹೋಗುತ್ತೆ. ತಲೆ ಕೆಟ್ಟು ಮೊಸರಾಗಿದೆ.

ಫೆಬ್ರವರಿ 11, ಸಂಜೆ

ಸಿಗ್ನಲ್ ಅಳೆಯೋ ಆ್ಯಪ್ ಹಾಕ್ಕೊಂಡು ಲ್ಯಾಪ್‌ಟಾಪ್ ಹಿಡಿದು ಮನೆಯೆಲ್ಲಾ ಸುತ್ತಿದೆ. ಹಾಲು — ಪೂರ್ತಿ. ಅಡುಗೆಮನೆ — ಪರವಾಗಿಲ್ಲ. ಮೆಟ್ಟಿಲು ಹತ್ತಿದ ಹಾಗೆ ಇಳೀಬೇಕು ತಾನೆ? ಏರ್ತಾ ಇದೆ! ಮಹಾರಾಣಿ ಬಾಗಿಲ ಮುಂದೆ ಮತ್ತೆ ಪೂರ್ತಿ.

ಪಿತ್ತ ನೆತ್ತಿಗೇರಿತು. ಬಾಗಿಲು ತಳ್ಳಿದೆ. ಕಿಟಕಿ ಹತ್ರ ನಮ್ಮ ಹಳೇ ರೂಟರ್! ಕೆಳಗಿನ ಸಿಗ್ನಲ್ ಹಿಡಿದು ಮುಂದೆ ದಾಟಿಸೋ ಹಾಗೆ ಸೆಟ್ ಮಾಡಿದಾಳೆ. ಹೆಸರು, ಪಾಸ್‌ವರ್ಡ್ ಎಲ್ಲಾ ಕೆಳಗಿನದೇ. ಆ ಹಳೇದಕ್ಕೇ ಕೆಳಗಿನಿಂದ ಸಿಗೋದು ಅರೆಹೊಟ್ಟೆ ನೆಟ್. ನನ್ನ ರೂಮ್ ಸರಿಯಾಗಿ ಅದರ ಕೆಳಗೆ — ನನ್ನ ಲ್ಯಾಪ್‌ಟಾಪ್ ಹಾಲಿಂದು ಬಿಟ್ಟು ಇದಕ್ಕೇ ಜೋತುಬಿದ್ದಿತ್ತು.

"ಯಾರನ್ನ ಕೇಳಿ ಹಾಕಿದೆ?"

"ಅಮ್ಮನ ಹತ್ರ ಹೇಳಿ ಕಳಿಸಿದ್ನಲ್ಲ! ತೊಂದ್ರೆ ಆದ್ರೆ ತೆಗೀತೀನಿ ಅಂತಾನೂ ಹೇಳಿದ್ದೆ. ನೀವು ‘ಇರ್ಲಿ ಬಿಡಿ’ ಅಂದ್ರಂತೆ."

"ನಾನಾ? ನಾನು ವಿಡಿಯೋ ಹಾಕ್ಬೇಡ ಅಂತ ಹೇಳಿ ಕಳಿಸಿದ್ದೆ!"

"‘ಮಕ್ಕಳಿಗೆ ಎಷ್ಟು ಚೆನ್ನಾಗಿ ಹೇಳ್ಕೊಡ್ತಾಳೆ’ ಅಂದ್ರಿ ಅಂತ ಬಂದು ಹೇಳಿದ್ರು..."

ಇಬ್ಬರೂ ಮೆಟ್ಟಿಲ ಕಡೆ ತಿರುಗಿದ್ವಿ. ಅತ್ತೆ ಅಲ್ಲೇ ನಿಂತಿದ್ರು. "ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಮನೆ ರಣರಂಗ ಆಗ್ತಿತ್ತು. ಎರಡು ಒಳ್ಳೆ ಮಾತು ಸೇರಿಸಿದೆ, ತಪ್ಪಾ?"

ನಗು ಬರಬೇಕಿತ್ತು. ಬರಲಿಲ್ಲ. ನಾಡಿದ್ದೇ ವೈವಾ.

ಫೆಬ್ರವರಿ 12

ಹಾಲಿಂದ ಮೇಲಿನ ಹಳೇ ರೂಟರಿಗೆ ತಂತಿ ಎಳೆದ್ವಿ. ಇನ್ನು ಅದಕ್ಕೂ ಹೊಟ್ಟೆ ತುಂಬ. ಯಜಮಾನರು ಗೋಡೆ ಕೊರೆದು ಮನೆಯೆಲ್ಲಾ ಧೂಳು ಮಾಡಿದ್ರು. ಮೇಲೆ ಅವಳು, ಕೆಳಗೆ ನಾನು. "ಬಿಡಿ." "ಎಳಿ." "ಸಾಕು." ಅಷ್ಟೇ ಮಾತು. ಮೂರೂ ಕಂಪ್ಯೂಟರಲ್ಲಿ ಒಟ್ಟಿಗೆ ವಿಡಿಯೋ ಹಾಕಿ ನೋಡಿದ್ವಿ, ಒಮ್ಮೆಯೂ ನಿಲ್ಲಲಿಲ್ಲ. ಆದ್ರೂ ಅನ್ನ ಸೇರಲಿಲ್ಲ.

ಫೆಬ್ರವರಿ 13, ಮಧ್ಯಾಹ್ನ



ಅರ್ಧ ವೈವಾ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಆಯ್ತು. ಪರೀಕ್ಷಕರು ಉದ್ದದ ಪ್ರಶ್ನೆ ತೆಗೆದ್ರು. ಅರ್ಧ ವಾಕ್ಯ ಟೈಪಾಗಿದೆ — ನೆಟ್ ಸತ್ತೇಹೋಯ್ತು.

"ಬೀದಿಗೇ ಇಲ್ಲ ಕಣೇ! ಹೊರಗಿನ ಲೈನೇ ಹೋಗಿದೆ!" — ಹಾಲಿಂದ ಯಜಮಾನರು. ನನ್ನ ಮೊಬೈಲ್ ಕಂಪನಿಯ ನೆಟ್ ಈ ರೂಮಲ್ಲಿ ಯಾವತ್ತೂ ಸಿಗಲ್ಲ. ಆ ಹುಡುಗಿ ಅರ್ಧ ಪ್ರಶ್ನೆ ನೋಡ್ಕೊಂಡು ಪರೀಕ್ಷಕರ ಮುಂದೆ ಬೆಪ್ಪಾಗಿ ಕೂತಿರ್ತಾಳೆ... ದೇವರೇ, ಅವಳದೂ ಹೋಯ್ತು, ನನ್ನದೂ ಹೋಯ್ತು ಅಂದ್ಕೊಂಡೆ.

ಮೆಟ್ಟಿಲ ಮೇಲೆ ದಡದಡ ಸದ್ದು. ಬಾಗಿಲ ಸಂದಿಯಿಂದ ಒಂದು ಕೈ ಬಂತು, ಮೊಬೈಲನ್ನ ನೆಲದ ಮೇಲಿಟ್ಟಿತು. "ಹಾಟ್‌ಸ್ಪಾಟ್ ಹಾಕಿದೀನಿ. ಪಾಸ್‌ವರ್ಡ್ ಇಲ್ಲ, ಸುಮ್ನೆ ಒತ್ತಿ."

ಲಿಸ್ಟಲ್ಲಿ ಹೊಸ ಹೆಸರು — ‘ಅತ್ತಿಗೆಗೆ’.

ಓಡಿ ಬರೋ ಹೊತ್ತಲ್ಲಿ ಹೆಸರಿಡಕ್ಕಾಗುತ್ತಾ? ಮೊದಲೇ ಮಾಡಿಟ್ಟಿದಾಳೆ!

ಒತ್ತಿದೆ. ಬಂತು. "ಪ್ರಶ್ನೆ ಇನ್ನೊಂದು ಸಲ ಹೇಳಿ ಸರ್" ಅಂದೆ, ಹೇಳಿದ್ರು. ಹುಡುಗಿ ಪಟಪಟ ಅಂತ ಉತ್ತರ ಕೊಟ್ಟಳು. ನನ್ನ ಕಣ್ಣು ಮಂಜಾಗಿ ಅಕ್ಷರ ತಪ್ಪಿದ್ವು, ಯಾರೂ ಬೈಲಿಲ್ಲ. ಪಾಸ್! ಮೇಡಂ ಮೆಸೇಜ್: "ಸೋಮವಾರ ಎಂದಿನಂತೆ ಲಾಗಿನ್ ಆಗಿ."

ಬೀದಿ ಲೈನ್ ಇನ್ನೂ ಬಂದಿಲ್ಲ. ಅವಳ ಮೊಬೈಲ್ ನನ್ನ ಮೇಜಿನ ಮೇಲೇ ಇದೆ. ಅಯ್ಯೋ, ಅವಳಿಗೂ ಕ್ಲಾಸ್ ಇರುತ್ತಲ್ಲ...

ಬಾಗಿಲ ಹತ್ರ ಬಂದು ನಿಂತಿದಾಳೆ. ಲ್ಯಾಪ್‌ಟಾಪ್ ಎದೆಗವಚಿಕೊಂಡು.

"ಮಕ್ಕಳು ಕಾಯ್ತಾ ಇದಾರೆ. ಇಲ್ಲೇ ಕೂತ್ಕೊಳ್ಲಾ?"

ಇರೋದು ಒಂದೇ ಕುರ್ಚಿ. ಏಳ್ತೀನಿ, ಅವಳು ಕೂತ್ಕೊಳ್ಲಿ.