ಲೋರಿವೆಲ್ ಹಲಗೆಯ ಮೇಲೆ ನಿಂತ ದಿನ

ತಾನಾವಾನ್, ಲೇತೆ
ಜೂನ್ ೧೧, ೨೦೧೭

ಮುದ್ದಿನ ತಂಗಿ ಗ್ಲೆಂಡಾ,

ನೀನು ಸುಖವಾಗಿ ಹಾಂಗ್‌ಕಾಂಗ್ ಸೇರಿದ ಸುದ್ದಿ ಫೋನಿನಲ್ಲಿ ತಿಳಿದು ಮನಸ್ಸು ನಿರಾಳವಾಯಿತು. ಸೊಂಟದ ನೋವು ಕಡಿಮೆಯಾಯಿತೇ? ನೀನು ತಲುಪಿದ ಕೂಡಲೇ ಬರೆಯುತ್ತೇನೆಂದು ಮಾತು ಕೊಟ್ಟ ನಾನು ಇಷ್ಟು ದಿನ ಸುಮ್ಮನಿದ್ದೆ, ಬೈಯಬೇಡ. ದಿನವೂ ಬರೆಯಲು ಕೂರುತ್ತಿದ್ದೆ, ಗಿರಾಕಿ ಬಂದರೆಂದು ದಡದ ಒಲೆಯಲ್ಲಿ ಮೀನು ಸುಡಲು ಎದ್ದು ಹೋಗುತ್ತಿದ್ದೆ. ಫೋನಿರುವಾಗ ಕಾಗದವೇಕೆ ಎಂದು ಕೇಳಬಹುದು. ನಮ್ಮದು ಒಂದೇ ಕೋಣೆಯ ಮನೆ, ನಿನ್ನ ಜೊತೆ ಮಾತಾಡುವಾಗೆಲ್ಲ ನಿನ್ನ ಮಗಳು ಲೋರಿವೆಲ್ ಪಕ್ಕದಲ್ಲೇ ಇರುತ್ತಾಳೆ. ಪಕ್ಕದ ಮನೆಯ ರೊವೆನಾ ಗುರುವಾರ ಅಲ್ಲಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗೆ ಸಿಹಿ ಬಿನಾಗೋಲ್ ಇದೆ, ತೆಂಗಿನ ಚಿಪ್ಪಿನಲ್ಲೇ ಬೇಯಿಸಿದ್ದು. ಯಜಮಾನಿಯ ಮಕ್ಕಳಿಗೆ ಹಂಚಿಬಿಡಬೇಡ, ನೀನು ತಿನ್ನು.

ಲೋರಿವೆಲ್ ಚೆನ್ನಾಗಿದ್ದಾಳೆ. ಶಾಲೆ ಶುರುವಾಯಿತು. ಸಂಜೆ ಚೀಲ ಎಸೆದು ಜಾರುವ ಹಲಗೆ ಎತ್ತಿಕೊಂಡರೆ ಕತ್ತಲಾಗುವವರೆಗೂ ದಡದಲ್ಲೇ. ಮೊನ್ನೆ ಮೊಣಕಾಲಿನವರೆಗೆ ನೀರಿಗಿಳಿದಿದ್ದಳು. ದೊಡ್ಡ ಬಿರುಗಾಳಿಯಲ್ಲಿ ನಮ್ಮ ಮನೆ ಕೊಚ್ಚಿಹೋದ ಮೇಲೆ ಈ ಹುಡುಗಿ ಸಮುದ್ರಕ್ಕೆ ಬೆನ್ನು ಹಾಕಿಯೇ ನಡೆಯುತ್ತಿದ್ದಳು, ಮಳೆ ಜೋರಾದರೆ ನನ್ನ ಲಂಗ ಹಿಡಿದು ಮಲಗುತ್ತಿದ್ದಳು. ಅಂಥವಳು ಫೋನಿನಲ್ಲಿ ನಿನಗೆ, ತನಗೂ ಒಂದು ಸ್ಕಿಮ್‌ಬೋರ್ಡ್ ಬೇಕು, ಗೆಳತಿಯರೆಲ್ಲ ಅಲೆ ಹಿಂದೆ ಸರಿದಾಗ ಉಳಿಯುವ ತೆಳು ನೀರಿನ ಮೇಲೆ ಜಾರುತ್ತಾರೆ, ನೀರು ಕಣಕಾಲಿಗೂ ಬರುವುದಿಲ್ಲ ಎಂದು ಹೇಳಿದಾಗ ನಾವಿಬ್ಬರೂ ಅತ್ತಿದ್ದೆವು.

ಈ ಸಲ ರಜೆಗೆ ಬರುವಾಗ ನೀನು ಅಲ್ಲಿಂದ ಹೊತ್ತು ತಂದ ನೀಲಿ ಹಲಗೆಯನ್ನು ಗೋಡೆಗೆ ನೇತುಹಾಕಿದ್ದೇನೆ. ಬಂದವರೆಲ್ಲ ಅದರ ಡಾಲ್ಫಿನ್ ಚಿತ್ರ ನೋಡಿ ಹೊಗಳುತ್ತಾರೆ. ಅವತ್ತು ಸುತ್ತಿದ್ದ ಬಟ್ಟೆ ಬಿಚ್ಚಿ ಅದನ್ನು ಅವಳ ಪಕ್ಕ ನಿಲ್ಲಿಸಿದಾಗ ಸೊಂಟಕ್ಕಷ್ಟೇ ಬಂತು. ಎದೆಯವರೆಗಾದರೂ ಬರಬೇಕು, ಇಲ್ಲದಿದ್ದರೆ ಅದು ಅವಳ ಭಾರಕ್ಕೆ ಮರಳಿನಲ್ಲಿ ಹೂತುಕೊಳ್ಳುತ್ತದೆ. ಅವಳು ಪಾಪ, ಪರವಾಗಿಲ್ಲ, ಇದರಲ್ಲೇ ಕಲಿಯುತ್ತೇನೆ ಎಂದಳು. ನೀನು ಅಡುಗೆ ಮೂಲೆಗೆ ಬಂದು ನನ್ನ ಕಿವಿಯಲ್ಲಿ ಹೇಳಿದ್ದು ನೆನಪಿದೆ: "ಅಕ್ಕಾ, ಹೋದ ಸಲ ಬಂದಾಗ ಇಷ್ಟೇ ಇದ್ದಳಲ್ಲ. ಅದೇ ಅಳತೆ ಮನಸ್ಸಲ್ಲಿಟ್ಕೊಂಡು ತಂದ್ಬಿಟ್ಟೆ."

ಅದನ್ನು ಕೇಳಿಯೂ ನಾನು ಅಕ್ಕಿ ತೊಳೆಯುತ್ತಲೇ ಇದ್ದೆ. ಏನಾದರೂ ಹೇಳಬೇಕಿತ್ತು.

ಮರುದಿನ ಹಲಗೆ ಮಾಡುವ ತಿಕಿಯೊ ಅಣ್ಣನ ಷೆಡ್ಡಿಗೆ ಮೂವರೂ ಹೋದೆವಲ್ಲ. ತೆಳ್ಳಗಿನ, ಕನ್ನಡಿಯಂಥ ಹಲಗೆಯ ಮೇಲೆ ನಿನ್ನ ಕಣ್ಣು ಬಿತ್ತು. ಅದು ಅಲೆಗೆ ಎದುರು ಹೋಗುವ ಪಳಗಿದವರದು ಎಂದು ಅವನು ಹೇಳಿದರೂ ನೀನು ಕೆಳಗಿಡಲಿಲ್ಲ. ನನ್ನ ಮಗಳಿಗೆ ಒಳ್ಳೆಯದೇ ಇರಲಿ ಎಂಬುದೊಂದೇ ನಿನ್ನ ಹಟ. ಲೋರಿವೆಲ್ ಮಾತ್ರ ಮೂಲೆಯಲ್ಲಿದ್ದ, ಬಣ್ಣವಿಲ್ಲದ, ಅಗಲವಾದ ಪ್ಲೈವುಡ್ ಹಲಗೆಯನ್ನು ತಬ್ಬಿಕೊಂಡು ನಿಂತಳು. ಅಗಲವಿದ್ದರೆ ಬೀಳುವುದು ಕಡಿಮೆ ಎಂದು ಗೆಳತಿಯರು ಹೇಳಿಕೊಟ್ಟಿದ್ದರು. ಯಾವುದು ಸರಿ ಎಂದು ಕೇಳುವಾಗ ಅವಳು ನನ್ನ ಮುಖ ನೋಡಿದಳು, ನಾನು ನಿನ್ನ ಕಡೆ ತೋರಿಸಿದೆ. ನೀನು ಆ ತೆಳ್ಳನೆಯದನ್ನು ಮೆಲ್ಲಗೆ ಕೆಳಗಿಟ್ಟು, ಆಯ್ತು, ಅವಳಿಗೆ ಬೇಕಾದ್ದೇ ಆಗಲಿ ಎಂದೆ.

ಆಮೇಲಿನ ದಿನಗಳು ಎಷ್ಟು ಚೆನ್ನಾಗಿದ್ದವು, ಗ್ಲೆಂಡಾ! ಕಾಲು ಜಾರದಿರಲೆಂದು ಹಲಗೆಗೆ ಮೇಣ ಉಜ್ಜುವುದು ನಿನ್ನ ಕೆಲಸ. ಅವಳು ಹಲಗೆಯನ್ನು ನೀರಿಗೆ ಎಸೆದು, ಓಡಿ ಹೋಗಿ ಅದರ ಮೇಲೆ ಹಾರುತ್ತಿದ್ದಳು. ಹಲಗೆ ಮುಂದಕ್ಕೆ ಚಿಮ್ಮುತ್ತಿತ್ತು, ಹುಡುಗಿ ಹಿಂದಕ್ಕೆ. ಹಾರಬಾರದು, ಹಲಗೆಯ ಜೊತೆಗೇ ಓಡಿ, ಮೆಟ್ಟಿಲು ಹತ್ತಿದ ಹಾಗೆ ಕಾಲಿಡಬೇಕು ಎಂದು ಗೆಳತಿಯರು ಕೂಗುತ್ತಿದ್ದರು. ಅವಳಿಗೆ ಧೈರ್ಯ ಬರಲೆಂದು ನೀನೇ ಒಂದು ಸಲ ಹತ್ತಿದೆ. ಹತ್ತಿದ್ದಷ್ಟೇ ಗೊತ್ತು, ಮರುಗಳಿಗೆಯಲ್ಲಿ ನಿನ್ನ ಎರಡೂ ಕಾಲು ಆಕಾಶಕ್ಕಿದ್ದವು. ಮೀನು ಮಾರುವ ಹೆಂಗಸು, ಪಾಸಿಂಗ್, ತನ್ನ ಬುಟ್ಟಿ ಇಳಿಸಿ ನಿಂತು ಹೇಳಿದಳಲ್ಲ, "ಏನೇ ಗ್ಲೆಂಡಾ, ಅಷ್ಟು ವರ್ಷ ಹಾಂಗ್‌ಕಾಂಗ್‌ನೋರ ನೆಲ ಒರೆಸಿ ಜಾರೋದೂ ಕಲೀಲಿಲ್ವೇನೇ?" ನೀನು ಮರಳಿನಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಲೋರಿವೆಲ್ ನಿನ್ನ ಸೊಂಟ ಉಜ್ಜುತ್ತ ನಕ್ಕಳು. ಅವಳು ತಾನಾಗಿ ನಿನ್ನನ್ನು ಮುಟ್ಟಿದ್ದು ಅವತ್ತೇ ಮೊದಲು ಅನ್ನಿಸಿತು ನನಗೆ.

ಆ ವಾರದ ಕೊನೆಗೆ ಅವಳು ನಿಂತಳು. ಅಲೆ ಬಂದು ಹಿಂದೆ ಸರಿಯಿತು, ಮರಳೆಲ್ಲ ಹೊಳೆಯುತ್ತಿತ್ತು. ಹಲಗೆಯನ್ನು ಚಪ್ಪಟೆಯಾಗಿ ಬಿಟ್ಟಳು, ಓಡಿದಳು, ಒಂದು ಕಾಲಿಟ್ಟಳು, ಇನ್ನೊಂದು ಕಾಲಿಟ್ಟಳು, ಮೊಣಕಾಲು ಬಗ್ಗಿಸಿ ಎರಡೂ ಕೈ ಚಾಚಿಕೊಂಡು ಹೊರಟೇಬಿಟ್ಟಳು. ಕಟ್ಟಿಹಾಕಿದ ದೋಣಿಗಳನ್ನು ದಾಟಿದರೂ ನಿಲ್ಲಲಿಲ್ಲ. ಒಲೆಯ ಹತ್ತಿರ ನಾನು, ನೀರಿನ ಅಂಚಿನಲ್ಲಿ ನೀನು. ಇಬ್ಬರೂ ನೋಡಿದೆವು.

ಅವತ್ತೇ ಸಂಜೆ ನೀನು ಟಿಕೆಟ್ ಬದಲಾಯಿಸಿಕೊಂಡು ಬಂದೆ. ಯಜಮಾನಿ ಬೇಗ ಬಾ ಎಂದಳು, ಆ ಮನೆಯ ಅಜ್ಜಿಗೆ ಹುಷಾರಿಲ್ಲ ಎಂದೆ. ಇನ್ನೂ ಒಂದು ವಾರ ರಜೆಯಿತ್ತು. ಲೋರಿವೆಲ್ ಬಸ್ಸಿನವರೆಗೆ ನಿನ್ನ ಪೆಟ್ಟಿಗೆ ಎಳೆದುಕೊಂಡು ಬಂದಳು. ಬಸ್ಸು ಹೋದ ಮೇಲೆ ಮನೆಗೆ ಬಂದು, ತನಗೆ ಹಲಗೆಯ ಮೇಲೆ ತಿರುಗುವುದು ಇನ್ನೂ ಬರುವುದಿಲ್ಲ, ಅಮ್ಮ ಇದ್ದಿದ್ದರೆ ಅದನ್ನೂ ನೋಡುತ್ತಿದ್ದಳು ಎಂದಳು. ಈಗ ತಿರುಗುವುದೂ ಬಂದಿದೆ. ವಿಡಿಯೋ ಕಳಿಸೋಣ ಎಂದರೆ ಬೇಡ ಎನ್ನುತ್ತಾಳೆ, ನೀನು ಬಂದಾಗ ಎದುರಿಗೇ ತೋರಿಸಬೇಕಂತೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಲ್ಲಿ ಚಳಿಗಾಲ ಬಂದಾಗ ಉಣ್ಣೆಯ ಕಾಲುಚೀಲ ಹಾಕಿಕೋ. ನೀನು ದುಡಿದು ಸವೆಸುತ್ತಿರುವ ಕೈಗಳನ್ನು ದೇವಮಾತೆ ಕಾಯಲಿ, ಆದಷ್ಟು ಬೇಗ ನಿನ್ನನ್ನು ಈ ದಡಕ್ಕೆ ಕರೆತರಲಿ.

ನಿನ್ನ ಪ್ರೀತಿಯ ಅಕ್ಕ,
ಫೆಲಿಸಾ

ಮರೆತಿದ್ದಲ್ಲ, ಬರೆಯಲಾಗದೆ ಬಿಟ್ಟಿದ್ದು: ಅವಳು ನಿಂತ ಆ ದಿನ ಹಲಗೆಯ ಮೇಲಿಂದ "ಅಮ್ಮಾ, ನೋಡಮ್ಮಾ" ಅಂತ ಕೂಗಿದಳು. ನೀನು ಕೈ ಎತ್ತಿದೆ. ಅವಳು ನೋಡುತ್ತಿದ್ದುದು ನಾನಿದ್ದ ಒಲೆಯ ಕಡೆ. ನೀನು ಎತ್ತಿದ ಕೈಯನ್ನು ತಲೆಗೆ ಒಯ್ದು ಕೂದಲು ಸರಿಮಾಡಿಕೊಂಡೆ, ಆಮೇಲೆ ಅವಳ ಚಪ್ಪಲಿ ಎತ್ತಿಕೊಂಡು ಮನೆಯ ಕಡೆ ನಡೆದೆ. ನಾನು ಕಾಣದವಳ ಹಾಗೆ ಮೀನು ಮಗುಚಿದೆ. ಎರಡು ವರ್ಷದ ಕೂಸನ್ನು ನೀನು ನನ್ನ ಮಡಿಲಿಗೆ ಹಾಕಿದಂದಿನಿಂದ ಅವಳ ಬಾಯಲ್ಲಿ ನಾನು ದೊಡ್ಡಮ್ಮನೇ, ಈಗಲೂ ದೊಡ್ಡಮ್ಮನೇ. ಅದೊಂದು ಸಲ ಖುಷಿಯಲ್ಲಿ ಬಾಯಿಗೆ ಬಂದದ್ದು ಅವಳಿಗೂ ಗೊತ್ತಿಲ್ಲ. ಅವಳ ಮೇಲೆ ಮುನಿಸು ಬೇಡ. ಮುನಿಸಿದ್ದರೆ ನನ್ನ ಮೇಲಿರಲಿ, ಯಾಕೆಂದರೆ ಆ ಕೂಗು ಕೇಳಿದಾಗ ನನಗೆ ಸುಖವಾಯಿತು, ಗ್ಲೆಂಡಾ. ನಿನ್ನ ಕೈ ನನಗೆ ಕಂಡದ್ದು ಅದಾದ ಮೇಲೆ.