ಕಜಾನಿನ ಕೆಟ್ಟ ನೀರು

ಜನವರಿ 6, ಬೆಳಿಗ್ಗೆ 6.30
ಅದೇ ಮೂರನೇ ಅಧ್ಯಾಯ. 1530ರ ಮುತ್ತಿಗೆ. ಮೂರು ಸಾಲು ಬರೆದೆ, ಎರಡು ಹೊಡೆದುಹಾಕಿದೆ. ನಿರ್ಮಲಾ ಕಾಫಿ ಇಟ್ಟು, "ನಿಮ್ಮ ಕಜಾನ್ ಇನ್ನೂ ಬಿದ್ದಿಲ್ವೇನ್ರೀ?" ಅಂದಳು. ಹೆಂಡತಿಯ ಹಳೇ ಜೋಕ್. 1487, 1506, 1524, 1530, 1550... ವೋಲ್ಗಾ ಸೀಮೆಯ ಆ ತಾತಾರರ ನಗರವನ್ನು ಮಾಸ್ಕೋದವರು ಎಷ್ಟು ಸಲ ಮುತ್ತಿದರು! ಪೂರ್ತಿ ಬಿದ್ದದ್ದು 1552ರಲ್ಲಿ. ಬರೆಯಲು ಕೂತು ಹನ್ನೊಂದು ವರ್ಷವಾಯ್ತು, ನನ್ನ ಪುಸ್ತಕ ಇನ್ನೂ ಅಲ್ಲಿಗೆ ತಲುಪಿಲ್ಲ.

ಜನವರಿ 9
ಕಾಲೇಜಿನಲ್ಲಿ ಕೋಮಲಾ ಉಪನ್ಯಾಸ. ವಿಷಯ: ಕಜಾನ್. ನನ್ನದೇ ಹಳೇ ವಿದ್ಯಾರ್ಥಿನಿ, ಹುಳಿಯಾರು ಕಡೆಯ ಹಟ್ಟಿಯವಳು. ಈಗ ಬೇರೆ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್. ಹಾಲ್ ತುಂಬಿ ಹುಡುಗರು ಕಿಟಕಿಯಲ್ಲಿ ನಿಂತಿದ್ದರು. ಹೋದ ವರ್ಷ ನಾನು ಮಾತಾಡಿದಾಗ ಹದಿನಾಲ್ಕು ಜನ. ಅದರಲ್ಲಿ ಇಬ್ಬರು ಮೈಕಿನವರು.
ಜೋರಾಗಿ ಚಪ್ಪಾಳೆ ಹೊಡೆದೆ. ಎಲ್ಲರಿಗಿಂತ ಜೋರಾಗಿ. ಯಾರಿಗೂ ಗೊತ್ತಾಗಬಾರದಲ್ಲ.

ಜನವರಿ 22
ತುಮಕೂರಿನಿಂದ ಪ್ರಕಾಶಕ ಮೋಹನ್ ಕುಮಾರ್ ಫೋನ್. ಅವರ ಇತಿಹಾಸ ಮಾಲೆಗೆ ಕೋಮಲಾ ಪುಸ್ತಕ ಕೊಟ್ಟಿದ್ದಾಳಂತೆ. ಕಜಾನಿನ ಮುತ್ತಿಗೆಗಳು. ನಾನೇ ಓದಿ ವರದಿ ಕೊಡಬೇಕಂತೆ.
"ನಿಮ್ಮ ಹೆಸರು ಅವರಿಗೆ ಹೇಳಲ್ಲ ತೋಂಟದಾರ್ಯ ಸಾರ್. ಪಾಪ, ಇದು ಪ್ರಿಂಟಿಗೆ ಹೋದ್ರೆ ಅವರ ಕೆಲಸ ಖಾಯಂ ಆಗುತ್ತೆ."
ಇನ್ನೂರ ಹದಿನಾಲ್ಕು ಪುಟ. ಮುಗಿಸಿದ್ದಾಳೆ. ವಯಸ್ಸು ಮೂವತ್ತೊಂದು.

ಜನವರಿ 25, ಮಧ್ಯಾಹ್ನ
ಏಳನೇ ಅಧ್ಯಾಯ ಓದಿದೆ. 1552. ನಾನಾಗಿದ್ದರೆ ತೋಪುಗಳಿಂದ ಶುರು ಮಾಡುತ್ತಿದ್ದೆ: ನೂರೈವತ್ತು ತೋಪು, ಗೋಡೆಗಿಂತ ಎತ್ತರದ ಮರದ ಬುರುಜು. ಅವಳು ನೀರಿನಿಂದ ಶುರು ಮಾಡಿದ್ದಾಳೆ. ಕೋಟೆಯವರು ಸುರಂಗದಲ್ಲಿ ಇಳಿದು ಬುಗ್ಗೆಯ ನೀರು ತರುತ್ತಿದ್ದರು. ರಷ್ಯನ್ನರು ಅದರ ಕೆಳಗೆ ಮದ್ದು ತುಂಬಿ ಸಿಡಿಸಿದರು. ಒಳಗಿನವರು ಅಗೆದರು, ಅಗೆದರು... ಸಿಕ್ಕಿದ್ದು ನಾರುವ ಒಂದು ಒರತೆ. ಅದನ್ನೇ ಕುಡಿದು ನಾಲ್ಕು ವಾರ ನಿಂತರು.
"ಮಕ್ಕಳಿಗೆ ಮೂಗು ಹಿಡಿದು ಕುಡಿಸಿರಬೇಕು" ಎಂದು ಬರೆದಿದ್ದಾಳೆ.
ಪುಟ ಮುಚ್ಚಿದೆ. ಮತ್ತೆ ತೆಗೆದೆ. ನನಗೇಕೆ ಹೊಳೆಯಲಿಲ್ಲ? ಅವಳು ಆಧಾರವಾಗಿಟ್ಟ ಹಳೇ ಗ್ರಂಥವನ್ನೇ ನಾನೂ ಓದಿದ್ದೇನೆ. ಅದೇ ಸಾಲಿಗೆ ಪೆನ್ಸಿಲ್ ಗೆರೆ ಎಳೆದಿದ್ದೇನೆ.

ಫೆಬ್ರವರಿ 2
ವರದಿ ಕಳಿಸಿದೆ. "ನಾರುವ ಒರತೆಗೆ ಆಧಾರವಿಲ್ಲ. ಲೇಖಕಿಯ ಕಲ್ಪನೆ. ಹಸ್ತಪ್ರತಿ ಹಿಂದಿರುಗಿಸಬಹುದು."
ಮಧ್ಯಾಹ್ನ ಚೆನ್ನಾಗಿ ಉಂಡೆ.

ಮಾರ್ಚ್ 14
ಕೋಮಲಾ ಮನೆಗೆ ಬಂದಿದ್ದಳು. ಎರಡು ಬಸ್ಸು ಬದಲಾಯಿಸಿ. ಕೈಯಲ್ಲಿ ಅವರವ್ವ ಕಾಟಮ್ಮ ಕಳಿಸಿದ ಬೆಣ್ಣೆ. ಕಣ್ಣು ಊದಿತ್ತು.
"ಪುಸ್ತಕ ವಾಪಸ್ ಬಂತು ಸಾರ್. ಯಾರೋ ದೊಡ್ಡೋರಂತೆ, ನಾನು ಕತೆ ಕಟ್ಟಿದೀನಿ ಅಂದವ್ರೆ. ಇಪ್ಪತ್ತೆಂಟಕ್ಕೆ ಇಂಟರ್‌ವ್ಯೂ."
ಬೆಣ್ಣೆ ತೆಗೆದುಕೊಂಡು ಮೇಜಿನ ಮೇಲಿಟ್ಟೆ.
"ಆ ಒರತೆ ವಿಷ್ಯ ಸೆಕೆಂಡ್ ಇಯರಲ್ಲಿ ನೀವೇ ಹೇಳಿದ್ದು ಸಾರ್. ನಾನು ಓದಿದ್ದ ಆ ಗ್ರಂಥದ ಲೈಬ್ರರಿ ಪ್ರತಿ ಈಗ ಸಿಗ್ತಾ ಇಲ್ಲ. ನಿಮ್ಮತ್ರ ಐತಲ್ವಾ? ಆ ಪುಟದ್ದು ಒಂದ್ ಫೋಟೋ ತಕ್ಕಂಡು ಹೋಯ್ತೀನಿ."
"ಯಾರೋ ತಗೊಂಡೋದ್ರು ಕಣಮ್ಮ. ವಾಪಸ್ ಕೊಡಲಿಲ್ಲ."
ಆ ಗ್ರಂಥ ಅವಳ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಆ ಕಪಾಟಿನ ಧೂಳು ಹೊಡೆಯುವ ನಿರ್ಮಲಾ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.
ಕೋಮಲಾ ಹೋದಮೇಲೆ ನಿರ್ಮಲಾ ಕೇಳಿದ್ದು ಒಂದೇ. "ಆ ದೊಡ್ಡೋರು ನೀವೇ ಅಲ್ವೇನ್ರೀ?"

ಮಾರ್ಚ್ 17
ಮೂರು ದಿನದಿಂದ ನಿರ್ಮಲಾ ಹೀಗೇ. ತಟ್ಟೆ ಇಡುತ್ತಾಳೆ, ಹೋಗುತ್ತಾಳೆ. ಬೆಣ್ಣೆ ಮುಟ್ಟಿಲ್ಲ.
ಮೋಹನ್ ಕುಮಾರ್‌ಗೆ ಫೋನ್ ಮಾಡಿದೆ. ವರದಿ ವಾಪಸ್ ತೆಗೆದುಕೊಳ್ಳಬೇಕಾದರೆ ಕಾರಣ ಬರೆದು ಸಹಿ ಹಾಕಬೇಕಂತೆ. "ಒಂದು ಪ್ರತಿ ಲೇಖಕಿಗೂ ಹೋಗುತ್ತೆ ಸಾರ್. ಯೋಚನೆ ಮಾಡಿ."

ಮಾರ್ಚ್ 19, ಬೆಳಿಗ್ಗೆ
ಬರೆದೆ. "ಆಧಾರವಿದೆ. ವರದಿ ಬರೆಯುವಾಗಲೇ ನನಗೆ ಗೊತ್ತಿತ್ತು." ಪುಟದ ಫೋಟೋ ಜೊತೆಗಿಟ್ಟು ಮೇಲ್ ಮಾಡಿದೆ. ಹೊಟ್ಟೆಕಿಚ್ಚು ಹೋಗಲಿಲ್ಲ. ಹೋಗುತ್ತದೆ ಅಂದುಕೊಂಡಿದ್ದೆ.

ಏಪ್ರಿಲ್ 11
ಪುಸ್ತಕ ಒಪ್ಪಿಗೆಯಾಗಿದೆ. ಕೆಲಸವೂ ಆಯ್ತಂತೆ. ಹೇಳಿದ್ದು ಅವಳೇ, ನಮ್ಮ ಸ್ಟಾಫ್ ರೂಮಿಗೆ ಬಂದು. ಕೂತ್ಕೋ ಅಂದೆ. ಕೂರಲಿಲ್ಲ.
"ನೀವು ಮಾಡಿದ್ದು ನಮ್ಮವ್ವಂಗೆ ಹೇಳಿಲ್ಲ ಸಾರ್. ತಡ್ಕಳಲ್ಲ ಅವಳು."
ಕ್ಷಮಿಸು ಅನ್ನಲು ಬಾಯಿ ತೆರೆದೆ.
"ಅದು ಬ್ಯಾಡ ಬುಡಿ. ಒಂದ್ ಮಾತು ಕೇಳಕ್ಕೆ ಬಂದೆ. ಇತಿಹಾಸ ಕಲಿಸಿದೋರು ನೀವು, ಬೇರೆ ಯಾರನ್ನ ಕೇಳ್ಲಿ? ಏಳನೇ ಅಧ್ಯಾಯ... ಚೆನ್ನಾಗಿತ್ತಾ?"
ಬೆಲ್ ಹೊಡೆಯಿತು. ಹುಡುಗರು ನುಗ್ಗಿದರು. ಸ್ವಲ್ಪ ಹೊತ್ತು ಕಾದಳು. ಬಸ್ಸಿಗೆ ಹೊತ್ತಾಯ್ತು ಅಂತ ಹೋದಳು.

ಏಪ್ರಿಲ್ 12
ಅವಳಿಗೆ ಕಾಗದ. ಮೊದಲು ಇಲ್ಲಿ ಬರೆದು ನೋಡುತ್ತೇನೆ.
ಕೋಮಲಾ, ಚೆನ್ನಾಗಿತ್ತು. ಓದಿ ಮುಗಿಸಿದಾಗ ಮೊದಲು ಬಂದದ್ದು ಸಿಟ್ಟಲ್ಲ, ಅಳು. ಸಿಟ್ಟು ಆಮೇಲೆ ಬಂತು. ಈಗಲೂ ಆ ಪುಟಗಳ ಮೇಲೆ ನಿನ್ನ ಹೆಸರು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಆದರೂ ಚೆನ್ನಾಗಿತ್ತು.