ಉಂಗುರ ನುಂಗಿದ ಕಪ್ಪು

ಅಕ್ಟೋಬರ್ ೭, ಮಂಗಳವಾರ.

ಇವತ್ತೂ ಅದೇ ಕಾಟ. ತಾರಸಿಯ ಮೇಲೆ ದೂರದರ್ಶಕಕ್ಕೆ ಕ್ಯಾಮೆರಾ ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ ಶನಿಗ್ರಹವನ್ನು ಹಿಡಿದರೆ ಚಿತ್ರದ ಬಲಗಡೆ ಕಪ್ಪು. ನಿನ್ನೆ ಕೇಬಲ್ ಬದಲಿಸಿದ್ದೆ. ಇವತ್ತು ಸಾಫ್ಟ್‌ವೇರ್ ಕಿತ್ತುಹಾಕಿ ಹಳೆಯದನ್ನೇ ಕೂರಿಸಿದೆ, ಚೌಕಟ್ಟು ಹಿಗ್ಗಿಸಿದೆ, ಎಕ್ಸ್‌ಪೋಷರ್ ಏರಿಸಿದೆ. ಕಪ್ಪು ಜಗ್ಗಲಿಲ್ಲ. ನಿನ್ನೆಗಿಂತ ಒಳಗೆ ಸರಿದು ಉಂಗುರದ ತುದಿಯನ್ನೇ ನುಂಗಿದೆ. ಇದೇ ಗುಂಗಿನಲ್ಲಿ ಬೆಳಿಗ್ಗೆ ಬಾಗಿಲಿಗೆ ಬಲಭುಜ ಬಡಿದುಕೊಂಡೆ.

ಟೀ ತಂದ ಹೆಂಡತಿಗೆ ಪರದೆ ತೋರಿಸಿದೆ.

“ಎಲ್ರೀ ಕಪ್ಪು? ಉಂಗುರ ಪೂರ್ತಿ ಕಾಣ್ತಿದೆಯಲ್ಲ.”

“ಸರಿಯಾಗಿ ನೋಡೇ.”

“ನೋಡ್ತಾನೇ ಇದೀನಿ. ಶನಿ ಚೆನ್ನಾಗೇ ಇದಾನೆ. ಕಾಟ ನಿಮಗೇ ಇರಬೇಕು.”

ನಗುತ್ತಾ ಕೆಳಗಿಳಿದು ಹೋದಳು. ನನಗೆ ರೇಗಿತು. ಕಣ್ಣೆದುರಿಗಿರುವುದನ್ನೂ ಇಲ್ಲವೆನ್ನುತ್ತಾಳಲ್ಲ ಎಂದು ಗೊಣಗಿಕೊಂಡೇ ಎಲ್ಲ ಬಿಚ್ಚಿಟ್ಟು ಬಂದು ಬರೆಯಲು ಕೂತೆ.

ದೀಪ ನೆತ್ತಿಯ ಮೇಲೇ ಇದೆ. ಆದರೂ ಈ ಹಾಳೆಯ ಬಲಗಡೆ ನೆರಳು. ಕೈ ತೆಗೆದು ನೋಡಿದೆ, ಕುರ್ಚಿ ಸರಿಸಿ ನೋಡಿದೆ, ಹೋಗಲಿಲ್ಲ. ಎಡಗಣ್ಣು ಮುಚ್ಚಿದರೆ ಇನ್ನೂ ದಟ್ಟವಾಯಿತು. ಬಲಗಣ್ಣು ಮುಚ್ಚಿದೆ. ಹಾಳೆ ಪೂರ್ತಿ ಬೆಳ್ಳಗಾಯಿತು.

ಇದನ್ನು ಒಂದೇ ಕಣ್ಣಲ್ಲಿ ಬರೆಯುತ್ತಿದ್ದೇನೆ. ಪಕ್ಕದ ಕೋಣೆಯಲ್ಲಿ ಅವಳಿಗೆ ನಿದ್ದೆ ಹತ್ತಿದೆ. ಎಬ್ಬಿಸಬೇಕು. ಎಬ್ಬಿಸಿ ಏನಂತ ಹೇಳಲಿ?